ಮುದಿ ನಾಯಿಗೆ ಫಿಟ್ಸ್ ಬಂದರೆ

ನಮ್ಮ 11 ವರ್ಷದ ನಾಯಿ ಕಾಫಿ ಕಣದಲ್ಲಿ ಬರೀ ಎಡಕ್ಕೇ ಸುತ್ತು ಹಾಕುತ್ತಿತ್ತು. ತಟ್ಟೆಯ ಎಡಭಾಗದ ಅನ್ನ ಖಾಲಿ, ಬಲಭಾಗದ್ದು ಹಾಗೇ ಉಳಿಯುತ್ತಿತ್ತು. ವಯಸ್ಸಾಯ್ತಲ್ಲ ಎಂದು ಸುಮ್ಮನಿದ್ದೆವು. ತಪ್ಪು ನಮ್ಮದೇ. ಮೆದುಳಿನ ಎಡಭಾಗದಲ್ಲಿ ಗಡ್ಡೆ ಇದ್ದರೆ ನಾಯಿ ಹೀಗೇ ಮಾಡುತ್ತದೆ.

ಇಂಥದ್ದು ಕಂಡರೆ ಮೊದಲು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆ ಮೇಜಿನ ಮೇಲೆ ನಾಯಿ ಏನೂ ಆಗದಂತೆ ನಿಂತಿರುತ್ತದೆ. ಗೋಡೆಗೆ ತಲೆ ಒತ್ತುವುದು, ಮನೆಯವರನ್ನೇ ಗುರುತಿಸದಿರುವುದನ್ನೂ ಬರೆದಿಡಿ. ಐದಾರು ವರ್ಷ ದಾಟಿದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ ಗಡ್ಡೆಯ ಅನುಮಾನ ಜಾಸ್ತಿ.

ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬೇಡಿ, ನೀರೂ ಹುಯ್ಯಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಇಲ್ಲವೇ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ, ಜೀಪು ತೆಗೆಯಿರಿ.

ಆದರೆ ನಡುಕವೆಲ್ಲ ಗಡ್ಡೆಯಲ್ಲ. ನಮ್ಮ ಕಡೆ ಮೊದಲು ಕೇಳಬೇಕಾದ್ದು, ತೋಟಕ್ಕೆ ಬಸವನಹುಳು ಮದ್ದು ಹಾಕಿದ್ದಿರಾ ಅಂತ. ಅದರಲ್ಲಿರುವ ಮೆಟಾಲ್ಡಿಹೈಡ್ ತಿಂದ ನಾಯಿಗೂ ಫಿಟ್ಸ್ ಬರುತ್ತದೆ, ಆಗ ತಡಮಾಡುವಂತಿಲ್ಲ. ತಲೆ ವಾಲಿ ಬೀಳುತ್ತಿದ್ದರೆ ಅದು ಒಳಕಿವಿಯ ತೊಂದರೆಯೂ ಇರಬಹುದು. ಮುದಿ ನಾಯಿಗಳಿಗೆ ಇದು ದಿಢೀರನೆ ಬರುತ್ತದೆ, ಎಷ್ಟೋ ಸಲ ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತದೆ. ಸಕ್ಕರೆ, ಲಿವರ್, ಕಿಡ್ನಿ, ಉಣ್ಣೆಹುಳು ಕಚ್ಚಿ ಬರುವ ಜ್ವರ, ಬಿಪಿ ಎಲ್ಲವನ್ನೂ ಮೊದಲು ಊರಲ್ಲೇ ನೋಡಿಸಿ.

ಗಡ್ಡೆ ಖಚಿತವಾಗಿ ಕಾಣುವುದು ಎಂಆರ್‌ಐನಲ್ಲಿ. ಅದಕ್ಕೆ ಬೆಂಗಳೂರಿಗೇ ಹೋಗಬೇಕಾಗಬಹುದು, ಮಡಿಕೇರಿಯಿಂದ ಸುಮಾರು 250 ಕಿ.ಮೀ. ನಾಯಿಗೆ ಪೂರ್ತಿ ಅರಿವಳಿಕೆ ಕೊಡಬೇಕು. ಆಪರೇಷನ್ ಅಥವಾ ರೇಡಿಯೇಷನ್ ಮಾಡಿಸುವ ಯೋಚನೆಯೇ ಇಲ್ಲದಿದ್ದರೆ ಮುದಿ ಜೀವವನ್ನು ಅಷ್ಟು ದೂರ ಎಳೆದಾಡಬೇಕೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬೇಡ ಎಂದು ನನ್ನ ಅಭಿಪ್ರಾಯ. ಮೆದುಳಿನ ಪೊರೆಯ ಗಡ್ಡೆ, ಅಂದರೆ ಮೆನಿಂಜಿಯೋಮ, ಮೇಲ್ಭಾಗದಲ್ಲಿದ್ದರೆ ಮಾತ್ರ ಮಾತು ಬೇರೆ. ಅದನ್ನು ತೆಗೆಸಿದ ನಾಯಿಗಳು ವರ್ಷದ ಮೇಲೂ ಬದುಕುವುದುಂಟು.

ಉಳಿದವರಿಗೆ ಮಾತ್ರೆಯೇ ದಾರಿ. ಪ್ರೆಡ್ನಿಸೋಲೋನ್ ಗಡ್ಡೆಯ ಸುತ್ತಲಿನ ಊತ ಇಳಿಸುತ್ತದೆ. ಹಸಿವು, ಬಾಯಾರಿಕೆ ವಿಪರೀತವಾಗುತ್ತದೆ, ರಾತ್ರಿ ಎರಡು ಸಲ ಬಾಗಿಲು ತೆಗೆಯಲು ತಯಾರಿರಿ. ಫಿಟ್ಸಿಗೆ ಕೊಡುವ ಫಿನೋಬಾರ್ಬಿಟಾಲ್ ಸರಿಯಾಗಿ ಹಿಡಿಯಲು ಎರಡು ವಾರ ಬೇಕು. ಎರಡನ್ನೂ ಒಮ್ಮೆಲೇ ನಿಲ್ಲಿಸಬಾರದು. ಮನೆಯಲ್ಲಿರುವ ನೋವಿನ ಮಾತ್ರೆ ಸೇರಿಸಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ನಮ್ಮದು ಮಾತ್ರೆ ಶುರುವಾದ ವಾರದೊಳಗೆ ಬಲಗಡೆಯ ಅನ್ನವನ್ನೂ ತಿಂದಿತು. ಹುತ್ತರಿ ಹಬ್ಬ ಕಳೆದ ಮೇಲೆ ಮತ್ತೆ ಬಿಡತೊಡಗಿತು. ಈಗ ಅರ್ಧ ತಿಂದಾದ ಮೇಲೆ ನಾವೇ ತಟ್ಟೆ ತಿರುಗಿಸಿ ಇಡುತ್ತೇವೆ.