ಗಿನಿಪಿಗ್ ಹುಲ್ಲು ಮುಟ್ಟದಿದ್ದರೆ ತಕ್ಷಣ ಏನು ಮಾಡಬೇಕು?

ಕೊತ್ತಂಬರಿ ಸೊಪ್ಪಿನ ಚೀಲ ಸರಗುಟ್ಟಿದರೆ ಸಾಕು, ಕೀಚ್ ಕೀಚ್ ಎಂದು ಓಡಿ ಬರುವ ಪ್ರಾಣಿ ಗಿನಿಪಿಗ್. ಅದು ಮೂಲೆ ಹಿಡಿದು ಕೂತಿದೆ, ಮೈಕೂದಲು ನಿಗುರಿದೆ, ರಾತ್ರಿ ಹಾಕಿದ ಹುಲ್ಲು ಹಾಕಿದ ಹಾಗೇ ಇದೆ ಎಂದಾದರೆ ‘ನಾಳೆವರೆಗೆ ನೋಡೋಣ’ ಎನ್ನಬೇಡಿ. ನಾಯಿಗೆ ಹೊಟ್ಟೆ ಕೆಟ್ಟಾಗ ಒಂದು ಹೊತ್ತು ಉಪವಾಸ ಹಾಕುವುದುಂಟು. ಗಿನಿಪಿಗ್‌ಗೆ ಉಪವಾಸವೇ ಕಾಯಿಲೆ.

ಇದರ ಕರುಳು ನಾರಿನ ಬಲದಿಂದ ನಡೆಯುತ್ತದೆ. ಒಣಹುಲ್ಲಿನ ಉದ್ದ ನಾರು ಹಿಂದಿನಿಂದ ತಳ್ಳುತ್ತಿದ್ದರೆ ಮಾತ್ರ ಮುಂದಿನದು ಸರಿಯುತ್ತದೆ. ಹೊಟ್ಟೆಯೊಳಗಿನ ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗ ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಕೂತು, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗುತ್ತದೆ. ತಿನ್ನುವುದು ನಿಂತಿತೋ, ಒಳಗಿರುವುದು ನೀರಾರಿ ಗಟ್ಟಿಯಾಗುತ್ತದೆ, ಒಳ್ಳೆಯ ಸೂಕ್ಷ್ಮಜೀವಿಗಳು ಕಡಿಮೆಯಾಗಿ ಕ್ಲಾಸ್ಟ್ರಿಡಿಯಂನಂಥ ಕೆಟ್ಟವು ಹೆಚ್ಚುತ್ತವೆ, ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ನೋವು, ನೋವಿನಿಂದ ಇನ್ನಷ್ಟು ಅನ್ನದ್ವೇಷ. ವಾಂತಿ ಮಾಡಿ ಹಗುರಾಗಲು ಈ ಪ್ರಾಣಿಗೆ ಆಗುವುದೇ ಇಲ್ಲ. ಹನ್ನೆರಡು ಗಂಟೆ ಏನೂ ತಿನ್ನದ ಗಿನಿಪಿಗ್ ತುರ್ತು ಚಿಕಿತ್ಸೆಯ ರೋಗಿ. ದಪ್ಪಗಿರುವುದು ಅಥವಾ ಗಬ್ಬದ್ದಾದರೆ ಇನ್ನೂ ಬೇಗ, ಏಕೆಂದರೆ ಉಪವಾಸದಲ್ಲಿ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಸೇರಿ ಅದನ್ನೂ ಕೆಡಿಸುತ್ತದೆ.

ಮೊದಲು ಹಿಕ್ಕೆ, ಆಮೇಲೆ ಹೊಟ್ಟೆ

ಗೂಡಿನ ಹಳೆಯ ಹಾಸು ತೆಗೆದು ಬಿಳಿ ಹತ್ತಿ ಬಟ್ಟೆ ಅಥವಾ ಹಳೆಯ ಪಂಚೆ ಹಾಸಿ. ಎರಡು ಗಿನಿಪಿಗ್ ಇದ್ದರೆ ನಡುವೆ ಜಾಲರಿ ಇಟ್ಟು ಬೇರೆ ಮಾಡಿ. ಜತೆಗಾರ ಕಣ್ಣಿಗೆ ಕಾಣುತ್ತಿರಲಿ, ಹಿಕ್ಕೆ ಮಾತ್ರ ಬೆರೆಯಬಾರದು. ಆರೋಗ್ಯವಂತ ಗಿನಿಪಿಗ್‌ನ ಹಿಕ್ಕೆ ಕಂದು ಬಣ್ಣದ್ದು, ಉದ್ದಗೆ, ಎರಡೂ ತುದಿ ಗುಂಡಗೆ, ಹಿಸುಕಿದರೆ ಒಳಗೆ ಹುಲ್ಲಿನ ನಾರು ಕಾಣುವಂಥದ್ದು. ಅದು ಚಿಕ್ಕದಾಗಿ, ಒಂದು ತುದಿ ಚೂಪಾಗಿ, ಕೂದಲಿನಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬಂದರೆ ಕರುಳು ನಿಧಾನವಾಗಿದೆ ಎಂದು ಅರ್ಥ. ನಾಲ್ಕೈದು ಗಂಟೆಯಾದರೂ ಒಂದೂ ಬೀಳದಿದ್ದರೆ ಕರುಳು ನಿಂತಂತೆಯೇ.

ಮೆತ್ತಗಿನ ಹಿಕ್ಕೆಗೂ ಭೇದಿಗೂ ವ್ಯತ್ಯಾಸವಿದೆ. ಹಿಕ್ಕೆಗೆ ಆಕಾರವಿದ್ದು ಮೆತ್ತಗಿದ್ದರೆ, ತಿನ್ನುತ್ತಲೂ ಓಡಾಡುತ್ತಲೂ ಇದ್ದರೆ, ಒಂದು ದಿನ ಹಸಿ ಸೊಪ್ಪು, ತರಕಾರಿ ನಿಲ್ಲಿಸಿ ಒಣಹುಲ್ಲು ಮತ್ತು ನೀರು ಮಾತ್ರ ಕೊಟ್ಟು ನೋಡಬಹುದು. ನೀರು ನೀರಾಗಿ ಹೋಗುತ್ತಿದೆ, ಹಿಂಭಾಗವೆಲ್ಲ ಒದ್ದೆಯಾಗಿದೆ ಎಂದರೆ ಕಾಯುವಂತಿಲ್ಲ. ಒಂದು ಕಿಲೋ ಆಸುಪಾಸಿನ ದೇಹದಲ್ಲಿ ನೀರು ಬೇಗ ಬರಿದಾಗುತ್ತದೆ. ಭೇದಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಅದು ಮನುಷ್ಯರಿಗೂ ಅಂಟುತ್ತದೆ. ಮಕ್ಕಳನ್ನು ದೂರವಿಟ್ಟು, ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ಹೊಟ್ಟೆ. ಪ್ರಾಣಿಯನ್ನು ಮಡಿಲಲ್ಲಿ ಕೂರಿಸಿ, ಪಕ್ಕೆಲುಬಿನ ಹಿಂದೆ ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ. ಸರಿಯಿದ್ದ ಹೊಟ್ಟೆ ಹದವಾಗಿ ಕಲಸಿದ ಚಪಾತಿ ಹಿಟ್ಟಿನಂತೆ ಬೆರಳಿಗೆ ಬಗ್ಗುತ್ತದೆ. ಬಿಗಿದುಕೊಂಡು ಉಬ್ಬಿದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ, ಪ್ರಾಣಿ ಹಲ್ಲು ಕಡಿಯುತ್ತಿದೆ, ಉಸಿರು ಗಿಡ್ಡವಾಗಿದೆ ಎಂದರೆ ಅದು ಹೊಟ್ಟೆಯುಬ್ಬರ. ಜಠರವೇ ತಿರುಚಿಕೊಂಡಿರಲೂ ಬಹುದು, ಅದು ಎಕ್ಸ್-ರೇ ತೆಗೆದಾಗಲೇ ಗೊತ್ತಾಗುವುದು.

ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಹೊಟ್ಟೆ ಮೆತ್ತಗಿದ್ದು ಹಿಕ್ಕೆ ಕಡಿಮೆಯಾಗಿದ್ದರೆ ಸಿರಿಂಜಿನಿಂದ ತಿನ್ನಿಸುವುದು ಜೀವ ಉಳಿಸುತ್ತದೆ. ಉಬ್ಬಿದ ಹೊಟ್ಟೆಗೆ ಅದೇ ಕೆಲಸ ಜೀವ ತೆಗೆಯಬಹುದು. ಉಬ್ಬಿದ್ದರೆ ಏನನ್ನೂ ತಿನ್ನಿಸದೆ ನೇರ ಆಸ್ಪತ್ರೆಗೆ ಹೊರಡಿ.

ಬೆಚ್ಚಗೆ ಇಡುವುದು

ಕಿವಿ ಮತ್ತು ಪಾದ ಮುಟ್ಟಿ ನೋಡಿ. ತಣ್ಣಗಿದ್ದರೆ ತಿನ್ನಿಸುವ ಮೊದಲು ಬೆಚ್ಚಗಾಗಿಸಬೇಕು, ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ. ಬಚ್ಚಲ ಹಂಡೆಯ ನೀರನ್ನು ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ದಪ್ಪ ಟವೆಲ್ ಸುತ್ತಿ ಗೂಡಿನ ಒಂದು ಬದಿಗೆ ಮಾತ್ರ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಅದು ತಾನೇ ಸರಿದುಕೊಳ್ಳಬೇಕು. ಜುಲೈ ಮಳೆಯಲ್ಲಿ ಕರೆಂಟು ಹೋದರೂ ಈ ಉಪಾಯ ಕೈ ಬಿಡುವುದಿಲ್ಲ. ಒಲೆಯ ಪಕ್ಕ ಇಡಬೇಡಿ, ಹೊಗೆ ಅದರ ಶ್ವಾಸಕೋಶಕ್ಕೆ ಆಗದು.

ಈಗಲೇ ತೂಕ ನೋಡಿ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪಾತ್ರೆಯಿಟ್ಟು ಅದರಲ್ಲಿ ಕೂರಿಸಿದರಾಯಿತು. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ. 25–30 ಗ್ರಾಂ ಏರಿಳಿತ ಸಹಜ. 50 ಗ್ರಾಂ ದಾಟಿ ಇಳಿದರೆ ಎಚ್ಚರ, 85–90 ಗ್ರಾಂ ಇಳಿದರೆ ಕಾಯಿಲೆ ಮುಂದುವರಿದಿದೆ ಎಂದು ತಿಳಿಯಿರಿ.

ಸಿರಿಂಜಿನಲ್ಲಿ ತಿನ್ನಿಸುವ ಕ್ರಮ

ಹೊಟ್ಟೆ ಮೆತ್ತಗಿದ್ದು, ಬಾಯಿಗೆ ಹಾಕಿದ್ದನ್ನು ನುಂಗುತ್ತಿದ್ದರೆ ಮಾತ್ರ ಈ ಕೆಲಸ. ಮಗ್ಗುಲಾಗಿ ಬಿದ್ದಿರುವ ಪ್ರಾಣಿಗೆ ಬೇಡ.

ಸಸ್ಯಾಹಾರಿ ಪ್ರಾಣಿಗಳಿಗೆಂದೇ ಮಾಡಿದ ‘ಕ್ರಿಟಿಕಲ್ ಕೇರ್’ ಪುಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗಿನಿಪಿಗ್‌ಗೆ ಕೊಡುವ ಸಾದಾ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಸಾಕು. ಕಾಳು, ಒಣಹಣ್ಣು ಬೆರೆತದ್ದು ಆಗದು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಒಂದು ಚಮಚ ಪುಡಿಗೆ ಎರಡರಿಂದ ಮೂರು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಹದಿನೈದು ನಿಮಿಷ ನೆನೆಯಲು ಬಿಡಿ. ಸಿರಿಂಜಿನಲ್ಲಿ ಕಟ್ಟಿಕೊಳ್ಳದೆ ಇಳಿಯುವಷ್ಟು ತೆಳುವಾಗಬೇಕು. ಪ್ರತಿ ಸಲ ಹೊಸದಾಗಿ ಕಲಸಿ.

ಔಷಧಿ ಅಂಗಡಿಯಲ್ಲಿ ಸಿಗುವ 1 ಮಿ.ಲೀ. ಸಿರಿಂಜ್ ತಂದು ಸೂಜಿ ಎಸೆಯಿರಿ. ಮೂತಿಯ ಸಣ್ಣ ಕೊಳವೆಯನ್ನು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಚೂಪು ಉಳಿದರೆ ಒಸಡು ಕೊಯ್ಯುತ್ತದೆ. ಗಿನಿಪಿಗ್‌ನ ಮುಂಗಾಲು ಸೇರಿಸಿ ಟವೆಲಿನಲ್ಲಿ ಸುತ್ತಿ, ಬೆನ್ನು ನಿಮ್ಮ ಹೊಟ್ಟೆಗೆ ಆನುವಂತೆ ಮಡಿಲಲ್ಲಿ ಕೂರಿಸಿಕೊಳ್ಳಿ. ಅಂಗಾತ ಮಲಗಿಸಲೇಬಾರದು. ಮುಂದಿನ ಹಲ್ಲಿನ ಹಿಂದೆ, ದವಡೆ ಹಲ್ಲು ಶುರುವಾಗುವ ಮೊದಲು ಹಲ್ಲಿಲ್ಲದ ಜಾಗವಿದೆ. ತುಟಿಯ ಬದಿಯಿಂದ ಅಲ್ಲಿಗೆ ಸಿರಿಂಜ್ ತೂರಿಸಿ 0.2 ಮಿ.ಲೀ.ಯಷ್ಟು ಮಾತ್ರ ಒತ್ತಿ. ದವಡೆ ಆಡುವುದನ್ನು ನೋಡಿ. ನುಂಗಿದ ಮೇಲೆಯೇ ಮುಂದಿನ ತೊಟ್ಟು. ಬಾಯೊಳಗೆ ಹಾಗೇ ನಿಲ್ಲಿಸಿಕೊಂಡರೆ ಎರಡು ನಿಮಿಷ ಬಿಟ್ಟು ನೋಡಿ. ಮೂಗಿನಿಂದ ಬಂದರೆ ತಕ್ಷಣ ನಿಲ್ಲಿಸಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ದಿನದ ಒಟ್ಟು ಪ್ರಮಾಣ ಒಂದು ಕಿಲೋ ತೂಕಕ್ಕೆ 50ರಿಂದ 80 ಮಿ.ಲೀ. ಅಂದರೆ 900 ಗ್ರಾಂನ ಪ್ರಾಣಿಗೆ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಸುಮಾರು 9–10 ಮಿ.ಲೀ. ಮೊದಲ ಎರಡು ಸಲ ಅದರ ಅರ್ಧ ಕೊಟ್ಟು ಹೊಟ್ಟೆ ಉಬ್ಬುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹತ್ತು ಮಿ.ಲೀ. ಇಳಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುತ್ತದೆ. ಮನೆಯಲ್ಲಿ ಇಬ್ಬರು ಸರದಿ ಮಾಡಿಕೊಂಡರೆ ರಾತ್ರಿಯ ಸರದಿ ತಪ್ಪುವುದಿಲ್ಲ. ಎರಡು ಊಟದ ನಡುವೆ ಇದೇ ರೀತಿ ಬೆಚ್ಚನೆಯ ನೀರನ್ನು ತೊಟ್ಟು ತೊಟ್ಟಾಗಿ ಕುಡಿಸಿ. ಪ್ರತಿ ಸಲ ಗಲ್ಲ ಒರೆಸಿ, ಇಲ್ಲವಾದರೆ ಚರ್ಮ ಹುಣ್ಣಾಗುತ್ತದೆ.

ವಿಟಮಿನ್ ಸಿ ತಯಾರಿಸಿಕೊಳ್ಳಲು ನಮ್ಮ ದೇಹಕ್ಕೂ ಬರುವುದಿಲ್ಲ, ಗಿನಿಪಿಗ್‌ನ ದೇಹಕ್ಕೂ ಬರುವುದಿಲ್ಲ. ಆರೋಗ್ಯವಿದ್ದಾಗ ಕಿಲೋಗೆ ದಿನಕ್ಕೆ 10–30 ಮಿ.ಗ್ರಾಂ ಬೇಕಾದರೆ, ಕಾಯಿಲೆಯಲ್ಲಿ 50 ಮಿ.ಗ್ರಾಂ ಬೇಕು. 500 ಮಿ.ಗ್ರಾಂ ಮಾತ್ರೆಯನ್ನು ಪುಡಿ ಮಾಡಿ ಹತ್ತು ಪಾಲು ಮಾಡಿದರೆ ಒಂದು ಪಾಲು ಕಿಲೋ ತೂಕದ ಪ್ರಾಣಿಗೆ ಒಂದು ದಿನಕ್ಕಾಯಿತು. ಸಿರಿಂಜಿನ ಊಟದಲ್ಲೇ ಬೆರೆಸಿ. ಕುಡಿಯುವ ನೀರಿಗೆ ಹಾಕಿದರೆ ಬೆಳಕಿಗೆ ಬೇಗ ಹಾಳಾಗುತ್ತದೆ, ರುಚಿ ಬದಲಾಗಿ ನೀರನ್ನೂ ಬಿಟ್ಟುಬಿಡಬಹುದು.

ಮನೆಮದ್ದು ಬೇಡ

ಹೊಟ್ಟೆನೋವು ಎಂದೊಡನೆ ಓಮದ ನೀರು, ಮಜ್ಜಿಗೆ, ಹರಳೆಣ್ಣೆ ನೆನಪಾಗುವುದು ಸಹಜ. ಯಾವುದೂ ಬೇಡ. ಹಾಲಿನ ಪದಾರ್ಥ ಬೆಳೆದ ಗಿನಿಪಿಗ್‌ಗೆ ಜೀರ್ಣವಾಗುವುದಿಲ್ಲ. ಭೇದಿಯ ಔಷಧ, ನಿಂತ ಕರುಳನ್ನು ಮತ್ತಷ್ಟು ನಿಲ್ಲಿಸುತ್ತದೆ. ಮಗುವಿನ ಗ್ಯಾಸಿನ ಹನಿಯಲ್ಲಿರುವ ಸಿಮೆಥಿಕೋನ್ ಅನ್ನು ಕೆಲವು ವೈದ್ಯರು ಹೇಳುತ್ತಾರೆ. ಆದರೆ ಅಂಗಡಿಯ ಬಾಟಲಿಗಳಲ್ಲಿ ಸಬ್ಬಸಿಗೆ, ಸೋಂಪಿನ ಎಣ್ಣೆ ಬೆರೆತಿರುವುದುಂಟು. ಲೇಬಲನ್ನು ಫೋನಿನಲ್ಲಿ ವೈದ್ಯರಿಗೆ ಓದಿ ಹೇಳಿ, ಪ್ರಮಾಣ ಕೇಳಿಕೊಂಡೇ ಕೊಡಿ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಇವು ಸೀಕಮ್‌ನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಕ್ಲಾಸ್ಟ್ರಿಡಿಯಂಗೆ ಜಾಗ ಮಾಡಿಕೊಡುತ್ತವೆ. ಅದರ ವಿಷದಿಂದ ಕೆಲವೇ ದಿನಗಳಲ್ಲಿ ಸಾವು. ನಾಯಿ, ದನಗಳನ್ನೇ ಹೆಚ್ಚಾಗಿ ನೋಡುವ ವೈದ್ಯರಲ್ಲಿಗೆ ಹೋದಾಗ ಈ ಪಟ್ಟಿಯನ್ನು ವಿನಯದಿಂದಲೇ ನೆನಪಿಸಿ. ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಈ ಪ್ರಾಣಿಗೆ ಸಾಮಾನ್ಯವಾಗಿ ಬಳಸುವಂಥವು. ನೋವಿಗೆ ಮೆಲಾಕ್ಸಿಕಾಮ್ ಕೊಡಬಹುದೇ ಎಂದೂ ಕೇಳಿ. ನೋವು ಇಳಿಯದೆ ಹಸಿವು ಬರುವುದಿಲ್ಲ.

ಆಸ್ಪತ್ರೆಗೆ ಒಯ್ಯುವಾಗ

ಶಿವಮೊಗ್ಗದಲ್ಲಿ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ., ಸಾಗರದಿಂದ 70 ಕಿ.ಮೀ.ಗೂ ಹೆಚ್ಚು. ಹೊರಡುವ ಮೊದಲು ಫೋನ್ ಮಾಡಿ, ಗಿನಿಪಿಗ್ ನೋಡುವ ವೈದ್ಯರು ಇದ್ದಾರೆಯೇ, ಎಕ್ಸ್-ರೇ ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಭಾನುವಾರ, ಹಬ್ಬದ ದಿನ ಯಾರು ಸಿಗುತ್ತಾರೆ ಎಂಬುದನ್ನು ಪ್ರಾಣಿ ಚೆನ್ನಾಗಿದ್ದಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಗಾಳಿಯಾಡುವ ಡಬ್ಬಿಗೆ ಟವೆಲ್ ಮತ್ತು ಒಣಹುಲ್ಲು ಹಾಕಿ, ಸಾಧ್ಯವಾದರೆ ಜತೆಗಾರನನ್ನೂ ಕೂರಿಸಿ, ಭೇದಿಯಾಗಿದ್ದರೆ ಬೇಡ. ಹಿಕ್ಕೆಯ ಸ್ಯಾಂಪಲ್, ತೂಕದ ಚೀಟಿ, ಕೊನೆಯ ಬಾರಿ ತಿಂದ ಹೊತ್ತು, ಎರಡು ದಿನದಲ್ಲಿ ಕೊಟ್ಟ ಆಹಾರದ ವಿವರ ಜತೆಗಿರಲಿ.

ವೈದ್ಯರಿಗೆ ದವಡೆ ಹಲ್ಲು ನೋಡಲು ಹೇಳಿ. ಗಿನಿಪಿಗ್‌ನ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ಹಿಂದಿನವು ಓರೆಯಾಗಿ ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟಿದರೆ, ಹಸಿವಿದ್ದರೂ ತಿನ್ನಲಾಗದು. ಮುಂದಿನ ಹಲ್ಲು ಮಾತ್ರ ನೋಡಿ ‘ಹಲ್ಲು ಸರಿಯಿದೆ’ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಗಲ್ಲ ಸದಾ ಒದ್ದೆಯಿದ್ದರೆ ಹಲ್ಲಿನ ಮೇಲೆ ಅನುಮಾನವಿರಲಿ, ಉಚ್ಚೆ ಹೊಯ್ಯುವಾಗ ಕೂಗಿದರೆ ಮೂತ್ರಕೋಶದ ಕಲ್ಲಿನ ಮೇಲೆ.

ನಮ್ಮ ಸೀಮೆಯಲ್ಲಿ ಹೊಟ್ಟೆ ಕೆಡುವ ದಾರಿಗಳು

ಮಳೆಗಾಲದಲ್ಲಿ ಮೊದಲ ಅನುಮಾನ ಹುಲ್ಲಿನ ಮೇಲೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟ ಒಣಹುಲ್ಲು ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಒಂದು ಹಿಡಿ ತೆಗೆದು ಕೊಡವಿ ನೋಡಿ: ಬೂದಿಯಂಥ ಧೂಳು ಎದ್ದರೆ, ಮುಗ್ಗಲು ವಾಸನೆ ಬಂದರೆ ಇಡೀ ಚೀಲ ಗೊಬ್ಬರದ ಗುಂಡಿಗೆ. ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ ಅಟ್ಟದ ಮೇಲೆ ಇಟ್ಟದ್ದು ಒಣಗಿ ಉಳಿಯುತ್ತದೆ. ತಿಮೋಥಿ ಎಂಬ ಮೇವಿನ ಒಣಹುಲ್ಲು ಮುಗಿದಾಗ ಕೊಟ್ಟಿಗೆಯ ಭತ್ತದ ಹುಲ್ಲು ಹಾಸಿಗೆಗೆ ಆದೀತು, ದಿನದ ಊಟಕ್ಕೆ ಸಾಲದು. ಗರಿಕೆ ಒಳ್ಳೆಯದೇ, ತೊಳೆದು, ನೀರು ಸೋರಿಸಿ, ಬಟ್ಟೆಯ ಮೇಲೆ ಹರಡಿ ಕೊಡಿ. ರಾಶಿ ಹಾಕಿಟ್ಟು ಬಿಸಿಯೆದ್ದ ಹಸಿಹುಲ್ಲು ಹೊಟ್ಟೆಯಲ್ಲೂ ಹುದುಗುತ್ತದೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಮರಿಗಳಿಗೂ ಗಬ್ಬದವಕ್ಕೂ ಮಾತ್ರ.

ಅಡಿಕೆ ತೋಟದ ಬುಡದಲ್ಲಿ ಬೆಳೆದ ಹುಲ್ಲು ಎಷ್ಟೇ ಹಸಿರಾಗಿದ್ದರೂ ಕೊಯ್ಯಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿರುತ್ತದೆ. ಗೊನೆಗೆ ಹೊಡೆದದ್ದು ಮಳೆಯ ಜತೆ ಕೆಳಗಿನ ಹುಲ್ಲಿಗೇ ಇಳಿಯುತ್ತದೆ. ಕಳೆನಾಶಕ ಹೊಡೆದ ಬದುವಿನ ಹುಲ್ಲೂ ಹಾಗೆಯೇ. ಕೆಸುವಿನೆಲೆ ಹಸಿಯಾಗಿ ಬಾಯಿ, ಗಂಟಲು ಸುಡುತ್ತದೆ. ಜರಿಗಿಡ, ಲಂಟಾನ ವಿಷ. ಎಲೆಕೋಸು, ಹೂಕೋಸು ಗ್ಯಾಸ್ ಮಾಡುತ್ತವೆ. ಹಲಸಿನ ತೊಳೆ, ಬಾಳೆಹಣ್ಣು, ಬಿಸ್ಕತ್ತು, ಅವಲಕ್ಕಿಯನ್ನು ಮಕ್ಕಳು ಪ್ರೀತಿಯಿಂದಲೇ ಕೊಡುತ್ತಾರೆ; ಸಕ್ಕರೆ, ಪಿಷ್ಟ ಸೀಕಮ್‌ಗೆ ಸೇರಿದರೆ ಹುದುಗುವಿಕೆಯ ಲಯವೇ ತಪ್ಪುತ್ತದೆ. ಮಕ್ಕಳಿಗೆ ಬೈಯದೆ, ಕೊಡಬಹುದಾದ ದೊಣ್ಣೆ ಮೆಣಸಿನಕಾಯಿಯ ಚೂರನ್ನು ಅವರ ಕೈಗೇ ಕೊಟ್ಟುಬಿಡಿ.

ಚೇತರಿಸಿಕೊಳ್ಳುವಾಗ

ಕರುಳು ಮತ್ತೆ ಚಲಿಸಿದ ಮೇಲೆ ಬೀಳುವ ಮೊದಲ ಹಿಕ್ಕೆಗಳು ಚಿಕ್ಕವು, ಕಪ್ಪು. ಅದನ್ನು ನೋಡಿ ಸಿರಿಂಜ್ ಬಿಟ್ಟುಬಿಡುವವರಿದ್ದಾರೆ. ಆಗ ಎರಡನೆಯ ಸಲ ಕರುಳು ನಿಲ್ಲುತ್ತದೆ. ತಾನೇ ಒಣಹುಲ್ಲು ತಿಂದು, ಸಿರಿಂಜ್ ಕಡಿಮೆ ಮಾಡಿದರೂ ಎರಡು ದಿನ ತೂಕ ಇಳಿಯದೆ ನಿಂತ ಮೇಲೆ ಮಾತ್ರ ಪೂರ್ತಿ ನಿಲ್ಲಿಸಿ. ಮೊದಲು ಒಣಹುಲ್ಲು, ಅದು ಸರಿಯಾಗಿ ಇಳಿದರೆ ಒಂದು ಹಿಡಿ ಗರಿಕೆ, ಮರುದಿನ ನಾಲ್ಕು ಎಸಳು ಕೊತ್ತಂಬರಿ, ಆಮೇಲೆ ಪೆಲೆಟ್. ಹಣ್ಣನ್ನು ಎರಡು ವಾರ ಮರೆತುಬಿಡಿ. ಒಂದು ತಿಂಗಳು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ಬರೆಯಿರಿ, ಆಮೇಲೆ ವಾರಕ್ಕೊಮ್ಮೆ ಸಾಕು.