ದಾಕ್ಷಿಣ್ಯಕ್ಕೆ ಎಷ್ಟು ಅಂಕ?

ಹೊಸನಗರ ಕಡೆಯ ಅಮ್ಮ ಒಬ್ಬರು ನನ್ನೆದುರು ಕೂತು ವ್ಯಕ್ತಿತ್ವ ಅಳೆಯುವ 50 ಹೇಳಿಕೆಗಳ ಹಾಳೆ ತುಂಬಿ ಕೊಟ್ಟರು. ಎಲ್ಲದಕ್ಕೂ ‘ಒಪ್ಪುತ್ತೇನೆ’ ಅಂತಲೇ ಗುರುತು. ‘ನನ್ನ ಸಾಮಾನು ಎಲ್ಲೆಂದರಲ್ಲಿ ಬಿದ್ದಿರುತ್ತದೆ’ ಅನ್ನುವುದಕ್ಕೂ ಒಪ್ಪಿಗೆ, ‘ಎಲ್ಲವೂ ಅಚ್ಚುಕಟ್ಟಾಗಿರಬೇಕು ನನಗೆ’ ಅನ್ನುವುದಕ್ಕೂ ಒಪ್ಪಿಗೆ.

“ಎರಡೂ ಹೇಗಮ್ಮ?” ಅಂತ ಕೇಳಿದೆ.

“ನೀವು ಅಷ್ಟು ಕಷ್ಟಪಟ್ಟು ಬರ್ಕೊಂಡು ಬಂದೀರಿ. ಇಲ್ಲ ಅಂತ ಹಾಕೋದು ಹೆಂಗೆ ಮೇಡಂ?” ಅಂದರು.

ಆ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ವ್ಯಕ್ತಿತ್ವ ಅಳೆಯುವುದರ ಬಗ್ಗೆ ಎಂ.ಎ. ತರಗತಿಯಲ್ಲಿ ಕಲಿತದ್ದನ್ನು ಮತ್ತೆ ಮೊದಲಿನಿಂದ ಯೋಚಿಸುವ ಹಾಗೆ ಮಾಡಿದ್ದು ಅದೇ.

ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿ. ನನ್ನ ಬಳಿ ಬರುವವರು ಹೆಚ್ಚಾಗಿ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಇಲ್ಲಿಗೆ ಓದಲು ಬಂದ ಹುಡುಗ ಹುಡುಗಿಯರು, ಅವರ ಮನೆಯವರು. ಕಾಯಿಲೆ ಗುರುತಿಸುವುದು ನನ್ನ ಕೆಲಸ ಅಲ್ಲ. ಅಂಥದ್ದು ಕಂಡರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಇಲ್ಲಿ ಬರೆದಿರುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ನಾವು ಓದುವಾಗ ವ್ಯಕ್ತಿತ್ವದ ಸಿದ್ಧಾಂತಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇದ್ದವು. ಫ್ರಾಯ್ಡ್ ಒಂದು ಕಡೆ, ಸ್ಕಿನ್ನರ್ ಇನ್ನೊಂದು ಕಡೆ, ರೋಜರ್ಸ್ ಮತ್ತೊಂದು ಕಡೆ. ಪರೀಕ್ಷೆಯಲ್ಲಿ ‘ಹೋಲಿಸಿ’ ಅಂತ ಕೇಳುತ್ತಿದ್ದರು, ಬರೆದು ಬರುತ್ತಿದ್ದೆವು. ಆದರೆ ಎದುರಿಗೆ ಕೂರುವ ಮನುಷ್ಯ ಅಧ್ಯಾಯಗಳಾಗಿ ಬರುವುದಿಲ್ಲ, ಅಲ್ವಾ? ಒಬ್ಬನೇ ಬರುತ್ತಾನೆ, ಎಲ್ಲವನ್ನೂ ಹೊತ್ತು.

ಕೆಲಸ ಶುರು ಮಾಡಿದಾಗ ಮನುಷ್ಯರನ್ನು ಕೆಲವು ಗುಣಗಳಿಂದ ಅಳೆಯುವ ಗುಣಗಳ ಸಿದ್ಧಾಂತವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿ ಅಂಕ ಸಿಗುತ್ತದೆ, ಕೈಗೆ ಏನೋ ಸಿಕ್ಕ ಹಾಗೆ ಇರುತ್ತದೆ. ಅದರ ಹಿಂದಿನ ಕೆಲಸವೂ ದೊಡ್ಡದೇ. 1936ರಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ಒಬ್ಬರಿಂದ ಒಬ್ಬರನ್ನು ಬೇರೆಯಾಗಿ ತೋರಿಸುವ ಸುಮಾರು 18,000 ಪದ ತೆಗೆದರು. ಜನರಿಗೆ ಮುಖ್ಯ ಅನ್ನಿಸಿದ ಗುಣಕ್ಕೆ ಭಾಷೆಯಲ್ಲಿ ಪದ ಹುಟ್ಟಿಯೇ ಇರುತ್ತದೆ ಅನ್ನುವುದು ಇದರ ಹಿಂದಿನ ನಂಬಿಕೆ. ಕ್ಯಾಟೆಲ್ ಅದನ್ನು ಸೋಸಿ ಸೋಸಿ 16ಕ್ಕೆ ತಂದರು. 1961ರಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಅವರಿಗೆ ಮತ್ತೆ ಮತ್ತೆ ಐದೇ ಕಂಡವು. ಈಗಿನ ಹೆಸರುಗಳಲ್ಲಿ ಹೇಳುವುದಾದರೆ ಹೊರಮುಖತೆ, ಹೊಂದಿಕೊಳ್ಳುವ ಗುಣ, ಶಿಸ್ತು ಮತ್ತು ಹೊಣೆಗಾರಿಕೆ, ಭಾವನೆಗಳ ಏರಿಳಿತ, ಹೊಸತಿಗೆ ತೆರೆದ ಮನಸ್ಸು. ಈಗ ಇವನ್ನೇ ಐದು ದೊಡ್ಡ ಗುಣಗಳು ಅನ್ನುತ್ತಾರೆ.

ಈ ಐದನ್ನು ಅಳೆಯುವ, ಕೋಸ್ಟಾ ಮತ್ತು ಮೆಕ್ರೇ ಅವರ 240 ಹೇಳಿಕೆಗಳ ಪ್ರಶ್ನಾವಳಿಯನ್ನು ಹಣ ಕೊಟ್ಟು ಕೊಳ್ಳಬೇಕು. ಗೋಲ್ಡ್‌ಬರ್ಗ್ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಹೇಳಿಕೆಗಳ ಭಂಡಾರದಿಂದ ಬಂದ 50ರ ಪಟ್ಟಿಯನ್ನು ನಾನು ಆರಿಸಿಕೊಂಡೆ. ಅದನ್ನು ಅನುವಾದಿಸಲು ಯಾರ ಅನುಮತಿಯೂ ಬೇಡ.

ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆಯ ಹುಡುಗ, ಡಿಗ್ರಿ ಎರಡನೇ ವರ್ಷ. ಹಾಸ್ಟೆಲಿನಲ್ಲಿ ಯಾರ ಜೊತೆಗೂ ಮಾತಿಲ್ಲ, ತರಗತಿಗೆ ಸರಿಯಾಗಿ ಹೋಗುವುದಿಲ್ಲ ಅಂತ ಅಪ್ಪ ಕರೆದುಕೊಂಡು ಬಂದಿದ್ದರು. ಹೊರಮುಖತೆಯಲ್ಲಿ ಅಂಕ ಕಡಿಮೆ ಬಂತು. ‘ಇವನು ಅಂತರ್ಮುಖಿ, ಸ್ವಭಾವವೇ ಹಾಗೆ’ ಅಂತ ಬರೆದುಕೊಟ್ಟೆ. ಅಪ್ಪ ಹಾಳೆ ನೋಡಿ, “ಹಂಗಾರೆ ಇವ ಇಷ್ಟೇ ಅನ್ನಿ” ಅಂದರು. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿ ಚೀಲಕ್ಕೆ ತುಂಬಿದ ಹಾಗೆ ಆಯಿತು ಅದು. ಹುಡುಗ ತಲೆ ಎತ್ತಲಿಲ್ಲ. ಅವನ ಆ ಮುಖ ನನಗೆ ಈಗಲೂ ನೆನಪಿದೆ.

ಆ ಅಂಕ ಅಷ್ಟು ಹೇಳಲು ಯೋಗ್ಯವೂ ಆಗಿರಲಿಲ್ಲ. ಸರಾಸರಿ 50, ಹರವು 10 ಇರುವ ಹಾಗೆ, ಅಂದರೆ ಹೆಚ್ಚಿನವರು 40ರಿಂದ 60ರ ನಡುವೆ ಬೀಳುವ ಹಾಗೆ ಅಂಕಗಳನ್ನು ಜೋಡಿಸಿಕೊಂಡಿದ್ದೇವೆ ಅಂತಿಟ್ಟುಕೊಳ್ಳಿ. ಪರೀಕ್ಷೆಯ ವಿಶ್ವಾಸಾರ್ಹತೆ 0.80 (1 ಅಂದರೆ ತಪ್ಪೇ ಇಲ್ಲ) ಇದ್ದರೂ ತಪ್ಪಿನ ಅಳತೆ ಸುಮಾರು 4.5 ಬರುತ್ತದೆ. ಆಚೆ ಈಚೆ ಅದರ ಎರಡು ಪಟ್ಟು ಬಿಡಬೇಕು. ಒಬ್ಬನಿಗೆ 42 ಬಂದಿದೆ ಅಂದರೆ ಅವನ ನಿಜವಾದ ಜಾಗ 33ರಿಂದ 51ರ ನಡುವೆ ಎಲ್ಲಿಯೂ ಇರಬಹುದು. 51 ಅಂದರೆ ಸರಾಸರಿಗಿಂತ ಮೇಲೆ! ಅದಕ್ಕೆ ಈಗ ಒಂಟಿ ಅಂಕವನ್ನು ಯಾರಿಗೂ ಹೇಳುವುದಿಲ್ಲ. ಹಾಳೆಯ ಮೇಲೆ ಒಂದು ಗೆರೆ ಎಳೆದು, ‘ಇಲ್ಲಿಂದ ಇಲ್ಲಿಯ ತನಕ’ ಅಂತ ಪೆನ್ಸಿಲಿನಲ್ಲಿ ತೋರಿಸುತ್ತೇನೆ. ಇದೇ ಕಾರಣಕ್ಕೆ ಜನರನ್ನು 16 ಬಗೆಗಳಾಗಿ ವಿಂಗಡಿಸುವ ಪರೀಕ್ಷೆಗಳನ್ನು ನಾನು ಬಳಸುವುದಿಲ್ಲ. ಹೆಚ್ಚಿನ ಜನ ನಡುವಿನಲ್ಲೇ ಇರುತ್ತಾರೆ. ಸರಿಯಾಗಿ ಆ ನಡುವಿನಲ್ಲೇ ಗೆರೆ ಕೊಯ್ದರೆ ಒಂದೆರಡು ಉತ್ತರ ಬದಲಾದರೂ ಬಗೆಯೇ ಬದಲಾಗಿಬಿಡುತ್ತದೆ.

ಆಮೇಲೆ ಹೇಳಿಕೆಗಳನ್ನೇ ಹಿಡಿದು ಕೂತೆ. ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂಲದಲ್ಲಿ ‘ಪಾರ್ಟಿಗೆ ಜೀವ ತುಂಬುವವನು ನಾನು’ ಅನ್ನುವ ಅರ್ಥದ ಹೇಳಿಕೆ ಇದೆ. ನಮ್ಮ ಊರುಗಳಲ್ಲಿ ಪಾರ್ಟಿ ಎಲ್ಲಿಂದ ಬರಬೇಕು? ‘ಮದುವೆ ಮನೆಯಲ್ಲಿ ನಾನಿದ್ದರೆ ಗಲಾಟೆ, ನಗು ಇರುತ್ತದೆ’ ಅಂತ ಮಾಡಿದೆ. ಮೂಲ ನೋಡಿರದ ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಅಂತ ಕೇಳಿಕೊಂಡೆ. ‘ಗಲಾಟೆ’ ಜಗಳವಾಗಿ ವಾಪಸ್ ಬಂತು. ಕೊನೆಗೆ ‘ಮದುವೆ ಮನೆಯಲ್ಲಿ ಹತ್ತು ಜನರನ್ನು ನಗಿಸುತ್ತಾ ಇರುತ್ತೇನೆ’ ಅಂತ ಆಯಿತು.

‘ಬೇಗ ಬೇಸರ ಆಗುತ್ತದೆ’ ಅಂತ ಇನ್ನೊಂದು. ಅರ್ಧ ಹುಡುಗರು ಅದನ್ನು ಕೆಲಸ ಸಾಕಾಗುವುದು ಅಂತ ತಿಳಿದರು, ಅರ್ಧ ಹುಡುಗಿಯರು ಮನಸ್ಸಿಗೆ ನೋವಾಗುವುದು ಅಂತ ತಿಳಿದರು. ನಮ್ಮ ‘ಬೇಸರ’ ಎರಡನ್ನೂ ಹೊರುತ್ತದೆ. ‘ಯಾರಾದರೂ ಏನಾದರೂ ಅಂದರೆ ಮನಸ್ಸಿಗೆ ಬೇಗ ನೋವಾಗುತ್ತದೆ’ ಅಂತ ಬದಲಿಸಿದೆ.

ಎಲ್ಲಕ್ಕಿಂತ ಕಾಡಿದ್ದು ‘ಇಲ್ಲ’ ಅನ್ನುವ ಪದ. ‘ನಾನು ಜಾಸ್ತಿ ಮಾತಾಡುವುದಿಲ್ಲ’ ಅಂತ ಓದಿದರೆ, ಮಾತು ಕಡಿಮೆ ಇರುವ ಹುಡುಗಿ “ಇಲ್ಲ, ಮಾತಾಡಲ್ಲ” ಅನ್ನುತ್ತಾಳೆ. ಆ ‘ಇಲ್ಲ’ ಹಾಳೆಯಲ್ಲಿ ‘ಒಪ್ಪುವುದಿಲ್ಲ’ ಆಗುತ್ತದೆ. ಅಂಕ ಕೂಡಿಸಿದಾಗ ಅವಳು ದೊಡ್ಡ ಮಾತುಗಾರ್ತಿ! ಹಾಗಾಗಿ ‘ಇಲ್ಲ’ ಇರುವ ಹೇಳಿಕೆಗಳನ್ನೆಲ್ಲ ತಿರುಗಿಸಿ ಬರೆದೆ. ‘ಹೆಚ್ಚಾಗಿ ಸುಮ್ಮನೆ ಇರುತ್ತೇನೆ.’ ಇಷ್ಟು ಬದಲಿಸಿದ ಮೇಲೆ ಅಮೆರಿಕದ ಸರಾಸರಿಗಳನ್ನು ಮುಂದಿಟ್ಟುಕೊಳ್ಳುವ ಹಾಗೂ ಇರಲಿಲ್ಲ. ಇಲ್ಲಿಯ ವಿದ್ಯಾರ್ಥಿಗಳಿಂದಲೇ ತುಂಬಿಸಿ, ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯಾ ಅಂತ ಕ್ರಾನ್‌ಬಾಕ್ ಆಲ್ಫಾ ಲೆಕ್ಕ ಹಾಕಿ, ಹೊಂದದ ಕೆಲವನ್ನು ಕೈಬಿಟ್ಟೆ.

ಇನ್ನು ದಾಕ್ಷಿಣ್ಯ. ಈ ಪದಕ್ಕೆ ಸರಿಯಾದ ಜಾಗ ಆ ಐದು ಗುಣಗಳಲ್ಲಿ ನನಗೆ ಸಿಗಲಿಲ್ಲ. ಎದುರಿಗಿರುವವರ ಮುಖ ನೋಡಿ ‘ಇಲ್ಲ’ ಅನ್ನಲಾಗದೆ ಒಪ್ಪಿಕೊಳ್ಳುವುದು ಅದು. ಹೊಂದಿಕೊಳ್ಳುವ ಗುಣದಲ್ಲಿ ಜಾಸ್ತಿ ಅಂಕ ಬಂದ ಎಷ್ಟೋ ಹುಡುಗಿಯರು ಮಾತಿಗೆ ಕೂತಾಗ ಒಳಗೊಳಗೇ ಕುದಿಯುತ್ತಿರುವುದು ಕಂಡಿದ್ದೇನೆ. ಅವರಿಗಿರುವುದು ಹೊಂದಾಣಿಕೆಯೋ ದಾಕ್ಷಿಣ್ಯವೋ? ಹಾಳೆಗೆ ಅದು ಗೊತ್ತಾಗುವುದಿಲ್ಲ. ಅದರ ಮೇಲೆ, ಹಾಳೆ ತುಂಬುವುದೂ ದಾಕ್ಷಿಣ್ಯದಿಂದಲೇ. 1943ರಲ್ಲಿ ಬಂದ, ಮಿನ್ನೆಸೋಟಾ ಅನ್ನುವ ವ್ಯಕ್ತಿತ್ವ ಪರೀಕ್ಷೆಯಲ್ಲಿ, ಇರುವುದಕ್ಕಿಂತ ಒಳ್ಳೆಯವರಾಗಿ ತೋರಿಸಿಕೊಳ್ಳುವವರನ್ನು ಹಿಡಿಯಲು 15 ಹೇಳಿಕೆಗಳನ್ನು ಸೇರಿಸಿದ್ದರು. ಎಲ್ಲರಲ್ಲೂ ಇರುವ ಸಣ್ಣಪುಟ್ಟ ತಪ್ಪನ್ನು ನನ್ನಲ್ಲಿ ಇಲ್ಲವೇ ಇಲ್ಲ ಅಂದವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಆ ಭಾಗದ ಹೆಸರೇ ಸುಳ್ಳಿನ ಅಳತೆ. ಹೊಸನಗರದ ಆ ಅಮ್ಮ ಮಾಡಿದ್ದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ನನ್ನನ್ನು ನೋಯಿಸಬಾರದು ಅಂದುಕೊಂಡರು, ಅಷ್ಟೇ.

2013ರಲ್ಲಿ ಪ್ರಕಟವಾದ ಅಧ್ಯಯನವೊಂದು ನನಗೆ ಧೈರ್ಯ ಕೊಟ್ಟಿತು. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ, ಬೇಸಾಯ ಮಾಡಿಕೊಂಡಿರುವ ಚಿಮಾನೆ ಜನರಲ್ಲಿ ಈ ಐದು ಗುಣಗಳು ಐದಾಗಿ ಬಿಡಿಬಿಡಿಯಾಗಿ ಕಾಣಲಿಲ್ಲ ಅಂತ ಗರ್ವನ್ ಮತ್ತು ಜೊತೆಗಾರರು ಬರೆದಿದ್ದರು. ನಮ್ಮವರೂ ಹಾಗೆ ಅಂತ ನಾನು ಹೇಳುತ್ತಿಲ್ಲ. ಅಳತೆಗೋಲು ಎಲ್ಲಿ ತಯಾರಾಯಿತು ಅಂತ ನೋಡಿ ಬಳಸಬೇಕು ಅಂತಷ್ಟೇ.

ಗುಣಗಳಾಚೆಗೆ ನನ್ನನ್ನು ಕರೆದುಕೊಂಡು ಹೋದವರು ಇಬ್ಬರು. ಒಬ್ಬರು ಮನಶ್ಶಾಸ್ತ್ರಜ್ಞ ಮಿಶೆಲ್. ಒಂದು ಕಡೆ ತೋರಿದ ನಡವಳಿಕೆಯಿಂದ ಇನ್ನೊಂದು ಕಡೆಯದನ್ನು ಊಹಿಸುವುದು ಕಷ್ಟ, ಆ ನಂಟು 0.30 (1 ಅಂದರೆ ಪೂರ್ತಿ ನಂಟು) ದಾಟುವುದೇ ಅಪರೂಪ ಅಂತ 1968ರಲ್ಲೇ ವಾದಿಸಿದವರು. ಮುಂದೆ ಅವರೂ ಶೋಡಾ ಅವರೂ ಬೇಸಿಗೆ ಶಿಬಿರದ ಮಕ್ಕಳನ್ನು ಗಮನಿಸಿದರು. ಒಂದು ಮಗು ಜೊತೆಯವರು ಕೆಣಕಿದರೆ ಸಿಟ್ಟಾಗುತ್ತದೆ, ಇನ್ನೊಂದು ದೊಡ್ಡವರು ಗದರಿದರೆ ಸಿಟ್ಟಾಗುತ್ತದೆ. ಒಟ್ಟು ಸಿಟ್ಟು ಒಂದೇ ಅಳತೆಯದ್ದಿರಬಹುದು, ಆದರೆ ಮಕ್ಕಳು ಬೇರೆ ಬೇರೆ. ‘ಹೀಗಾದರೆ ಹಾಗೆ’ ಅನ್ನುವ ಈ ಚಹರೆಯೇ ವ್ಯಕ್ತಿತ್ವ ಅಂದರು. ಇನ್ನೊಬ್ಬರು ಮ್ಯಾಕ್ ಆ್ಯಡಮ್ಸ್. ಒಬ್ಬರನ್ನು ಅರಿಯಲು ಮೂರು ಹಂತ ಬೇಕು ಅಂತ 1996ರಲ್ಲಿ ಬರೆದರು. ಗುಣಗಳು ಮೊದಲನೆಯದು. ಬಯಕೆ, ಭಯ, ಗುರಿ, ಸಂಬಂಧಗಳು ಎರಡನೆಯದು. ತನ್ನ ಬದುಕಿನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆ ಮೂರನೆಯದು. ಇದನ್ನು ಓದಿದಾಗ ನನ್ನ ಬಿಡಿ ಅಧ್ಯಾಯಗಳಿಗೆ ಕೂರಲು ಜಾಗ ಸಿಕ್ಕಿತು. ಆಲ್‌ಪೋರ್ಟ್, ಕ್ಯಾಟೆಲ್ ಮೊದಲ ಹಂತಕ್ಕೆ. ಕಲಿಕೆಯ ಬಗ್ಗೆ ಹೇಳಿದ ಸ್ಕಿನ್ನರ್, ಬಂಡೂರಾ ಎರಡನೆಯದಕ್ಕೆ. ಫ್ರಾಯ್ಡ್, ರೋಜರ್ಸ್ ಅವರಿಂದ ಕಲಿತ ಕೇಳುವ ರೀತಿ ಮೂರನೆಯದಕ್ಕೆ. ಇದು ನಾನು ಮಾಡಿಕೊಂಡ ಜೋಡಣೆ, ಬೇರೆಯವರು ಬೇರೆ ಥರ ಜೋಡಿಸಬಹುದು.

ಈಗ ನನ್ನ ರೂಢಿ ಹೀಗಿದೆ. ಮೊದಲ ದಿನ ಹಾಳೆ ಕೊಡುವುದಿಲ್ಲ, ಸುಮ್ನೆ ಮಾತು. ಎರಡನೇ ಸಲ ಹೇಳಿಕೆಗಳನ್ನು ಓದಿ ಹೇಳುತ್ತೇನೆ. ‘ಇಲ್ಲ ಅಂದರೂ ನನಗೆ ಸಂತೋಷವೇ’ ಅಂತ ಮೊದಲೇ ಹೇಳಿಬಿಡುತ್ತೇನೆ. ‘ಒಪ್ಪುತ್ತೇನೆ’ ಅಂದರೆ, “ಹೋದ ವಾರ ಹಾಗಾಗಿದ್ದು ಒಂದು ಹೇಳಿ” ಅನ್ನುತ್ತೇನೆ. ಕಾಲವನ್ನೂ ಬರೆದುಕೊಳ್ಳುತ್ತೇನೆ. ಮಳೆ ಬಿಡದೆ ಹೊಡೆದು ತೋಟದಲ್ಲಿ ಕೊಳೆರೋಗ ಕಾಣಿಸಿ, ಔಷಧಿ ಹೊಡೆಯಲು ಬಿಡುವು ಸಿಗದಿದ್ದಾಗ ಯಾವ ಮನೆಯವರಿಗೆ ಚಿಂತೆ ಇರುವುದಿಲ್ಲ? ಅಂಥ ದಿನ ತುಂಬಿದ ಹಾಳೆಯಲ್ಲಿ ಚಿಂತೆಯ ಅಂಕ ಜಾಸ್ತಿ ಬಂದರೆ ಅದನ್ನು ಸ್ವಭಾವ ಅನ್ನದೆ, ಬೇಸಿಗೆಯಲ್ಲಿ ಇನ್ನೊಮ್ಮೆ ತುಂಬಿಸುತ್ತೇನೆ.

ತೀರ್ಥಹಳ್ಳಿಯ ಆ ಹುಡುಗನನ್ನು ಮತ್ತೆ ಕರೆಸಿದೆ. ತಪ್ಪಾಯಿತು ಅಂತ ಅವನಿಗೆ ನೇರವಾಗಿಯೇ ಹೇಳಿದೆ. ಈ ಸಲ, ನೀನು ಜಾಸ್ತಿ ಮಾತಾಡುವುದು ಎಲ್ಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ಹೇಳತೊಡಗಿದ. ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಸುಲಿಯಲು ಹತ್ತಾರು ಜನ ಸೇರುತ್ತಾರಂತೆ. ನಡುರಾತ್ರಿಯವರೆಗೂ ಕಥೆ ಹೇಳಿ ಎಲ್ಲರನ್ನೂ ಎಚ್ಚರವಾಗಿ ಇಡುವವನು ಇವನೇ. ಕೈಗೆ ಕೆಲಸ ಇದ್ದರೆ ಮಾತು ಬರುತ್ತದೆ. ನಾಲ್ಕು ಜನ ಇಂಗ್ಲಿಷ್ ಮಾತಾಡಲು ಶುರು ಮಾಡಿದರೆ ನಾಲಿಗೆ ನಿಂತುಬಿಡುತ್ತದೆ. ಹೀಗಾದರೆ ಹಾಗೆ. ಇನ್ನೂ ಎರಡು ಸಲ ಬಂದ ಮೇಲೆ ಅದರ ಹಿಂದಿನದೂ ಹೊರಬಂತು. ಪಿಯುಸಿಯಲ್ಲಿ ಪಾಠ ಓದಿ ಹೇಳುವಾಗ ಒಂದು ಪದ ತಪ್ಪಾಗಿ, ಇಡೀ ತರಗತಿ ನಕ್ಕಿತ್ತು. ‘ಪೇಟೆಯಲ್ಲಿ ನಾನು ಬಾಯಿ ಬಿಡಬಾರದವನು’ ಅನ್ನುವ ಕಥೆಯನ್ನು ಅವತ್ತಿನಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಹೊರಮುಖತೆ ಅವನಲ್ಲಿ ಸ್ವಲ್ಪ ಕಡಿಮೆ ಇರುವುದೂ ನಿಜವೇ. ಆದರೆ ತರಗತಿ ತಪ್ಪಿಸುತ್ತಿದ್ದುದಕ್ಕೆ ಕಾರಣ ಅದಲ್ಲ. ಅಂಕ ಬದಲಾಗದಿದ್ದರೂ ಆ ಕಥೆಯನ್ನು ಬೇರೆ ಥರ ಹೇಳಿಕೊಳ್ಳಬಹುದು. ನಾವು ಕೆಲಸ ಮಾಡಿದ್ದು ಅಲ್ಲಿ.

ಈಗ ವರದಿಯನ್ನು ಮೊದಲು ಮನೆಯವರಿಗೆ ಕೊಡುವುದಿಲ್ಲ. ಅದು ಯಾರ ಬಗ್ಗೆ ಬರೆದದ್ದೋ ಅವರ ಮುಂದೆಯೇ ಇಟ್ಟು, ಕೈಗೆ ಪೆನ್ನು ಕೊಟ್ಟು, ನಿಮ್ಮದಲ್ಲ ಅನ್ನಿಸಿದ್ದನ್ನು ಹೊಡೆದುಹಾಕಿ ಅನ್ನುತ್ತೇನೆ. ಅವನಿಗೂ ಹಾಗೇ ಕೊಟ್ಟೆ. ತುಂಬ ಹೊತ್ತು ಓದಿದ. ‘ಹೊಸಬರ ಜೊತೆ ಬೆರೆಯಲು ಇಷ್ಟಪಡುವುದಿಲ್ಲ’ ಅಂತ ನಾನು ಬರೆದಿದ್ದ ಸಾಲಿನ ಹತ್ತಿರ ಪೆನ್ನು ನಿಂತಿತು. ನನ್ನ ಮುಖ ನೋಡಿದ. “ಹೊಡೀಲಾ ಮೇಡಂ?” ಅಂದ. “ಹೊಡಿ” ಅಂದೆ. ಗೆರೆ ಎಳೆದು, ಮೇಲೆ ತಾನೇ ಬರೆದ: ‘ಇಷ್ಟ ಇದೆ. ಹೆದರಿಕೆ.’