ಮೂಲ ಅಂದಾಜಿಸುವ ಸೀಕ್ವೆನ್ಸಿಂಗ್ ಕಿಟ್ಟನ್ನು ಹೀಗೆ ಪರೀಕ್ಷಿಸಿ

ಡಿಎನ್‌ಎ ಓದಿ ವ್ಯಕ್ತಿಯ ಪೂರ್ವಜರು ಯಾವ ಜನಸಮೂಹದವರು ಅಂತ ಅಂದಾಜಿಸುವ ಹೊಸ ಕಿಟ್ ಬಂದರೆ, ಅದರಲ್ಲಿ ಎಷ್ಟು ಎಸ್‌ಎನ್‌ಪಿ (ಜನರಲ್ಲಿ ಒಂದೇ ಅಕ್ಷರ ಬೇರೆಬೇರೆ ಇರುವ ಡಿಎನ್‌ಎ ಜಾಗ) ಇದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು, ಡಿಎನ್‌ಎ ಕಡಿಮೆಯಾದಾಗ ಅದು ಏನು ಮಾಡುತ್ತದೆ ಅಂತ. ಮೂಲ ಗೊತ್ತಿರುವ ಸ್ಯಾಂಪಲ್ ತಗೊಳ್ಳಿ. 1 ನ್ಯಾನೋಗ್ರಾಂನಿಂದ ಶುರು ಮಾಡಿ, ಅರ್ಧ ಅರ್ಧ ಮಾಡುತ್ತಾ 60 ಪಿಕೋಗ್ರಾಂ ಹತ್ತಿರಕ್ಕೆ ಇಳಿಯಿರಿ. ಪ್ರತಿ ಹಂತವನ್ನೂ ಮೂರು ಸಲ ಓಡಿಸಿ.

ಈಗ ಒಂದೊಂದೇ ಜಾಗ ನೋಡಿ. ಆರ್‌ಎಸ್1426654 ಅನ್ನುವ ಎಸ್‌ಎನ್‌ಪಿಯಲ್ಲಿ ವ್ಯಕ್ತಿ ಎ/ಜಿ (ಒಂದು ಪ್ರತಿಯಲ್ಲಿ ಎ, ಇನ್ನೊಂದರಲ್ಲಿ ಜಿ) ಅಂದುಕೊಳ್ಳಿ. ಡಿಎನ್‌ಎ ಸಾಕಷ್ಟಿದ್ದರೆ ಎ, ಜಿ ರೀಡ್‌ಗಳು (ಯಂತ್ರ ಓದಿದ ಡಿಎನ್‌ಎ ತುಣುಕುಗಳು) ಹೆಚ್ಚುಕಮ್ಮಿ ಸಮ ಬರಬೇಕು. ಕೆಳಗಿಳಿದಾಗ ಜಿ ಬಿದ್ದುಹೋದರೆ ಸಾಫ್ಟ್‌ವೇರ್ ಎ/ಎ ಅಂತ ಬರೆಯುತ್ತದೆ. ಯುರೋಪಿನವರಲ್ಲಿ ಬಹುತೇಕ ಎಲ್ಲರೂ ಎ/ಎ. ಅಂದಾಜು ಸುಮ್ನೆ ಆ ಕಡೆ ವಾಲುತ್ತದೆ. ಖಾಲಿ ಉಳಿದ ಜಾಗಕ್ಕಿಂತ ಇದು ಜಾಸ್ತಿ ಅಪಾಯ, ಅಲ್ವಾ? ಅದಕ್ಕೇ ಕನಿಷ್ಠ ಎಷ್ಟು ರೀಡ್ ಇದ್ದರೆ ಫಲಿತಾಂಶ ಒಪ್ಪಬೇಕು ಅನ್ನುವ ಮಿತಿಯನ್ನು ನಿಮ್ಮದೇ ಡೇಟಾ ನೋಡಿ ಗೊತ್ತುಮಾಡಿ.

ಹಳೇ ಮೂಳೆಯ ಕೇಸುಗಳಿದ್ದರೆ ಚಿಕ್ಕ ಆಂಪ್ಲಿಕಾನ್ (ಕಿಟ್ ನಕಲು ಮಾಡುವ ಡಿಎನ್‌ಎ ತುಣುಕು) ಇರುವ ಎಸ್‌ಎನ್‌ಪಿ ಪ್ಯಾನೆಲ್ಲೇ ಬೇಕು.

ಆಮೇಲೆ ರೆಫರೆನ್ಸ್, ಅಂದರೆ ಹೋಲಿಸಿ ನೋಡುವ ಜನಸಮೂಹಗಳ ಡೇಟಾ. 1000 ಜೀನೋಮ್ಸ್ ಅನ್ನುವ ಡೇಟಾದಲ್ಲಿ 26 ಜನಸಮೂಹಗಳಿವೆ. ವ್ಯಕ್ತಿಯ ಸಮೂಹ ಅದರಲ್ಲಿ ಇಲ್ಲದಿದ್ದರೂ ಲೆಕ್ಕ ಹತ್ತಿರದ್ದೊಂದನ್ನು ತೋರಿಸಿಬಿಡುತ್ತದೆ. ಬೇಕಂತಲೇ ರೆಫರೆನ್ಸ್‌ನಿಂದ ಒಂದು ಸಮೂಹ ತೆಗೆದುಹಾಕಿ, ಅದರವರದೇ ಸ್ಯಾಂಪಲ್ ಹಾಕಿ ನೋಡಿ. ಮಿಶ್ರ ಮೂಲದವರನ್ನೂ ಸೇರಿಸಿ. ಎರಡು ಸಮೂಹಗಳ ಸಂಭವನೀಯತೆ ಹತ್ತಿರ ಹತ್ತಿರ ಬಂದರೆ ವರದಿಯಲ್ಲಿ ಎರಡನ್ನೂ ಬರೆಯಿರಿ.